ಸಿಬ್ಬಕ್ಕನ ಅರ್ಧ ಶಾಲು

ಶಾಲಿನಲ್ಲಿ ನನ್ನ ಅರ್ಧ ಹೆಣಿಗೆ ಈಸ್ಟರಿಗೆ ಮೊದಲೇ ಮುಗಿದು ದಿಂಬಿನ ಚೀಲದೊಳಗೆ ಮಲಗಿತ್ತು. ಸಿಬ್ಬಕ್ಕನ ಅರ್ಧ ಮುಗಿಯುವ ಲಕ್ಷಣವೇ ಇರಲಿಲ್ಲ. ಕುರಿಗಳು ಮರಿ ಹಾಕಿದವು, ಮರಿಗಳು ಬೇಲಿ ಹಾರುವಷ್ಟು ಬೆಳೆದವು, ಉರುವಲಿಗೆಂದು ಗುಡ್ಡದ ಕರಿಮಣ್ಣು ಕಡಿದು ಒಣಹಾಕಿದ್ದೂ ಆಯಿತು. ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ: "ಇನ್ನೊಂಚೂರು ಕಣೇ."

ಆ ಚೂರು ಎಷ್ಟು ದೊಡ್ಡದು ಎಂದು ತಿಳಿಯದೆ ನನಗೆ ತಲೆ ಕೆಟ್ಟುಹೋಗಿತ್ತು.

ಶಾಲು ನನ್ನ ಮಗಳು ಮೆರನ್‌ಳ ಮದುವೆಗೆ. ಅವಳೂ ನಾನೂ ಒಂದು ಕೋಣೆಯಲ್ಲಿ ಒಂದು ಗಳಿಗೆ ಕೂತರೆ ಸಾಕು, ಮಾತಿಗೆ ಮಾತು ಹತ್ತಿಕೊಂಡು ಬಾಗಿಲು ಬಡಿಯುವ ತನಕ ಹೋಗುತ್ತದೆ. ನನ್ನ ನಾಲಿಗೆಯೇ ಅವಳಿಗೂ ಬಂದಿದೆ, ಏನು ಮಾಡುವುದು. ಲೆರ್ವಿಕ್ ಪಟ್ಟಣದಲ್ಲಿ ಕೆಲಸ ಹಿಡಿದಳು, ಅಲ್ಲೇ ಹುಡುಗನನ್ನೂ ನೋಡಿಕೊಂಡಳು. ಉಡುಪು, ಹೂವು, ಊಟ, ಯಾವುದಕ್ಕೂ ನನ್ನನ್ನು ಕೇಳಲಿಲ್ಲ. ಕೇಳಿದ್ದು ಒಂದೇ. "ಅಮ್ಮಾ, ಶಾಲು ಮಾತ್ರ ನಿನ್ನ ಕೈಯದ್ದೇ ಬೇಕು. ಅಂಗಡೀದು ತಂದ್ರೆ ನಾನು ಹೊದಿಯಲ್ಲ," ಅಂದಿದ್ದಳು ಫೋನಿನಲ್ಲಿ. ಫೋನಿಟ್ಟ ಮೇಲೆ ನಾನು ಅಡುಗೆಮನೆಯಲ್ಲಿ ನಿಂತು ಗಂಡನನ್ನು ಕಾರಣವಿಲ್ಲದೆ ಬೈದೆ. ಎರ್ಟಿಗೆ ಅರ್ಥವಾಯಿತು. ಸುಮ್ಮನೆ ಬೈಸಿಕೊಂಡು ದೋಣಿಯ ಕಡೆ ಹೋದ.

ಪೂರಾ ಶಾಲನ್ನು ನಾನೊಬ್ಬಳೇ ಹೆಣೆಯಬಹುದಿತ್ತು. ಆದರೆ ಅಂಥ ನೂಲು ತೆಗೆಯುವವಳು ನಮ್ಮ ಅನ್‌ಸ್ಟ್ ದ್ವೀಪದ ಈ ಬದಿಯಲ್ಲಿ ಸಿಬ್ಬಕ್ಕ ಒಬ್ಬಳೇ. ಕುರಿಯ ಕೊರಳಿನ ಉಣ್ಣೆಯನ್ನು ಕತ್ತರಿ ಹಾಕದೆ ಕೈಯಿಂದಲೇ ಬಿಡಿಸಿ, ಬಾಚಿ, ರಾಟೆಯಲ್ಲಿ ತಲೆಗೂದಲಿಗಿಂತ ಸಣ್ಣಗೆ ಎಳೆಯುತ್ತಾಳೆ. ನಾನು ನೂಲು ಕೇಳಲು ಹೋದ ದಿನ ಅವಳು ಕೋಳಿಗೆ ಕಾಳು ಹಾಕುತ್ತಿದ್ದಳು.

"ಕೊಡ್ತೀನಿ. ಆದ್ರೆ ಶಾಲಿನಲ್ಲಿ ಅರ್ಧ ನಂದು," ಅಂದಳು.

"ಯಾಕೆ? ನನ್ನ ಕೈ ಮೇಲೆ ನಂಬಿಕೆ ಇಲ್ವಾ?"

"ನಿನ್ನ ಕೈ ಮೇಲಿದೆ ಆಂಡ್ರೀನಾ. ಬಾಯಿ ಮೇಲೆ ಇನ್ನೂ ಜಾಸ್ತಿ ಇದೆ. ನನಗೆ ಅರ್ಧ ಹೆಣೆಯೋಕೆ ಆಸೆ ಆಗಿದೆ, ಅಷ್ಟೇ. ಬೇಕಾದ್ರೆ ತಗೋ, ಬೇಡಾದ್ರೆ ಕಾಲುಚೀಲ ಹೆಣೆದು ಕೊಡು ನಿನ್ನ ಮಗಳಿಗೆ."

ಸಿಬ್ಬಕ್ಕ ಹುಟ್ಟಿದಾಗಿನಿಂದ ಅರ್ಧ ಶಾಲಿನವಳು. ಅವಳೂ ಅವಳ ಅಕ್ಕ ಮೀಮಿಯೂ ಒಲೆಯ ಆಚೆ ಒಬ್ಬರು ಈಚೆ ಒಬ್ಬರು ಕೂತು, ಒಬ್ಬೊಬ್ಬರು ಒಂದೊಂದು ಅರ್ಧ ಹೆಣೆದು ಬದುಕಿದವರು. ಮೀಮಿ ತೀರಿಕೊಂಡ ಮೇಲೆ ಸಿಬ್ಬಕ್ಕ ಶಾಲಿಗೆ ಕೈ ಹಾಕಿರಲಿಲ್ಲ.

ಅರ್ಧ ಅರ್ಧ ಹೆಣೆಯುವುದಕ್ಕೆ ಕಾರಣವಿದೆ. ನಮ್ಮ ಶಾಲಿನ ಮೈತುಂಬ ಅಲೆ ಬರುತ್ತದೆ. ಒಂದು ತುದಿಯಿಂದ ಹಿಡಿದು ಇನ್ನೊಂದು ತುದಿಯವರೆಗೆ ಒಂದೇ ಸಮ ಹೆಣೆದುಕೊಂಡು ಹೋದರೆ ಅಲೆಗಳೆಲ್ಲ ಒಂದೇ ಕಡೆ ಮುಖ ಮಾಡುತ್ತವೆ. ಹೊದ್ದುಕೊಂಡಾಗ ಬಲಗಡೆ ಅಲೆ ಭುಜಕ್ಕೆ ಏರುತ್ತದೆ, ಎಡಗಡೆ ತಲೆಕೆಳಗಾಗಿ ಬೀಳುತ್ತದೆ. ಅದಕ್ಕೇ ಎರಡು ತುದಿಯಿಂದಲೂ ಬೇರೆ ಬೇರೆ ಶುರುಮಾಡಿ, ನಡುವಿಗೆ ಬಂದಾಗ ನಿಲ್ಲಿಸಿ, ಈ ಅರ್ಧದ ಕುಣಿಕೆಗೆ ಆ ಅರ್ಧದ ಕುಣಿಕೆ ಬೆಸೆಯುತ್ತೇವೆ. ಆಗ ಎರಡು ಭುಜದ ಮೇಲೂ ಅಲೆ ಏರಿ ಬಂದು ಕತ್ತಿನ ಹಿಂದೆ ಕೂಡಿಕೊಳ್ಳುತ್ತದೆ. ಒಂದು ಅರ್ಧ ಹಿಂದೆ ಬಿದ್ದರೆ ಇನ್ನೊಂದಕ್ಕೆ ಬೆಲೆಯೇ ಇಲ್ಲ. ಮದುವೆ ಹತ್ತಿರ ಬರುತ್ತಿತ್ತು. ನನ್ನ ಕೈಯದ್ದು ಮಗಳ ಮೈಮೇಲೆ ಇರುತ್ತದೋ, ದಿಂಬಿನ ಚೀಲದಲ್ಲೇ ಉಳಿಯುತ್ತದೋ ಎನ್ನುವುದು ಆ ಮುದುಕಿಯ ಚೂರಿನ ಮೇಲೆ ನಿಂತಿತ್ತು.

ಮೊದಲು ಅಂದುಕೊಂಡೆ, ಕಣ್ಣು ಮಂಜಾಗಿದೆ, ಹೇಳಿಕೊಳ್ಳಲು ನಾಚಿಕೆ. ಒಂದು ಮಧ್ಯಾಹ್ನ ಸಾಲ್ಮನ್ ಮೀನಿನ ಶೆಡ್ಡಿನ ಕೆಲಸ ಮುಗಿಸಿ ನೇರವಾಗಿ ಅವಳ ಮನೆಗೆ ಹೋದೆ. ಬಾಗಿಲಲ್ಲಿ ನಿಂತು ಕಡಲಿನ ಕಡೆ ಕೈ ತೋರಿಸಿದೆ.

"ಸಿಬ್ಬಕ್ಕ, ಅಲ್ಲಿ ಹೋಗ್ತಿದೆಯಲ್ಲ, ಯಾರ ದೋಣಿ ಅದು?"

"ನಿನ್ನ ಗಂಡಂದು. ಟೋಪಿ ಉಲ್ಟಾ ಹಾಕ್ಕೊಂಡಿದಾನೆ."

ನನಗೆ ದೋಣಿಯೇ ಸರಿಯಾಗಿ ಕಾಣುತ್ತಿರಲಿಲ್ಲ. ಸಂಜೆ ಎರ್ಟಿಯನ್ನು ಕೇಳಿದರೆ, "ಹೌದು, ಗಾಳಿಗೆ ಹಾರಿಹೋಗ್ತಿತ್ತು, ತಿರುಗಿಸಿ ಹಾಕ್ಕೊಂಡೆ. ನಿನಗೆ ಯಾರು ಹೇಳಿದ್ರು?" ಅಂದ.

ಹಾಗಾದರೆ ಕೈ ಇರಬೇಕು. ಬೆರಳ ಗಂಟು ಹಿಡಿದಿರಬೇಕು. ಮರುದಿನ ನನ್ನ ಮನೆಯಿಂದ ಒಂದು ಜಾಮಿನ ಬಾಟಲಿ ಒಯ್ದು, ಮುಚ್ಚಳ ಬರುತ್ತಿಲ್ಲ ಎಂದು ಸುಳ್ಳು ಹೇಳಲು ಹೊರಟೆ. ಸುಳ್ಳು ಹೇಳಬೇಕಾಗಲಿಲ್ಲ. ಅದು ನಿಜಕ್ಕೂ ಬರುತ್ತಿರಲಿಲ್ಲ. ಸಿಬ್ಬಕ್ಕ ಲಂಗದ ಅಂಚಿನಲ್ಲಿ ಹಿಡಿದು ಒಂದೇ ತಿರುವಿಗೆ ತೆಗೆದು, ಬೆರಳು ಅದ್ದಿ ನೆಕ್ಕಿ, "ಸಕ್ಕರೆ ಕಡಿಮೆ ಹಾಕಿದೀಯ, ಜಿಪುಣಿ," ಅಂದಳು.

ಮೂರನೆಯದು ಸೇಡು. ಚಳಿಗಾಲದಲ್ಲಿ ನಮ್ಮ ಟಗರು ಅವಳ ಕೋಸಿನ ಮಡಿಗೆ ನುಗ್ಗಿ ಒಂದು ಎಲೆ ಬಿಡದೆ ಮೇಯ್ದಿತ್ತು. ನನಗೆ ಮನಸ್ಸಿನಲ್ಲಿಟ್ಟುಕೊಳ್ಳುವುದು ಬರುವುದಿಲ್ಲ. ಮುಖಕ್ಕೇ ಕೇಳಿದೆ.

"ಟಗರಿನ ಕೋಪಾನ ಶಾಲಿನ ಮೇಲೆ ತೀರಿಸ್ಕೊಳ್ತಿದೀಯಾ?"

"ಟಗರಿಗೆ ಆವತ್ತೇ ಒದ್ದೆನಲ್ಲ. ಅದಕ್ಕೂ ನನಗೂ ಏನೂ ಬಾಕಿ ಇಲ್ಲ. ನೀನ್ಯಾಕೆ ಮಧ್ಯ ಬರ್ತೀಯ?"

"ಹಾಗಾದ್ರೆ ಎಲ್ಲೋ ತಪ್ಪು ಹೆಣೆದಿದೀಯ. ಮುಚ್ಚಿಡ್ತಿದೀಯ. ತೋರಿಸು."

"ಮುಗಿಯೋ ತನಕ ತೋರಿಸಬಾರದು."

"ಹೋದ ವರ್ಷ ವಾರ ವಾರ ತೋರಿಸ್ತಿದ್ದೆ!"

"ಹೋದ ವರ್ಷ ಅರ್ಧ ಆಗಿರಲಿಲ್ಲ."

ಇಷ್ಟು ಹೇಳಿ ಅವಳು ತುಟಿ ಕಚ್ಚಿಕೊಂಡಳು. ಆಮೇಲೆ ಬೇಡದ ಕೆಮ್ಮು ಕೆಮ್ಮಿ, ಒಲೆಗೆ ಉರುವಲು ತುರುಕಿ, ಬಾನಕ್ ರೊಟ್ಟಿ ತಿನ್ನುತ್ತೀಯಾ ಎಂದು ಕೇಳಿದಳು. ಆ ರೊಟ್ಟಿ ತಿನ್ನುತ್ತ ನಾನು ಅವಳ ಮುಖವನ್ನೇ ನೋಡಿದೆ. ಏನನ್ನೋ ಕದ್ದು ತಿಂದ ಬೆಕ್ಕಿನ ಹಾಗಿದ್ದಳು.

ಮನೆಗೆ ಬಂದು ಎರ್ಟಿಗೆ ಹೇಳಿದೆ. ಅವನು ಬಲೆ ರಿಪೇರಿ ಮಾಡುತ್ತ ತಲೆ ಎತ್ತದೆ, "ಹೆದರಿಕೆ ಇರಬೇಕು. ಶಾಲು ಮುಗಿದ್ರೆ ತಾನೂ ಮುಗಿದುಹೋಗ್ತೀನಿ ಅಂತ ಕೆಲವರಿಗೆ ಇರುತ್ತೆ," ಅಂದ.

"ಸಿಬ್ಬಕ್ಕನಿಗಾ? ಅವಳಿಗೆ ಹೆದರಿ ಸಾವೇ ಈ ಕಡೆ ಬರ್ತಿಲ್ಲ. ಮೀನು ಹಿಡಿಯೋರ ಬುದ್ಧಿ ನಿಮ್ಮದು, ಸೀಟಿ ಹೊಡೆದ್ರೆ ಗಾಳಿ ಏಳುತ್ತೆ ಅನ್ನೋ ಜನ!"

"ಏಳುತ್ತೆ," ಅಂದ ಎರ್ಟಿ.

ಅರ್ಧ ಆಗಿರಲಿಲ್ಲ ಎಂದರೆ ಈಗ ಅರ್ಧ ಆಗಿದೆ ಎಂದೇ ಅರ್ಥ. ಆಗಿದ್ದರೆ ಕೊಡಬಾರದೇಕೆ? ರಾತ್ರಿ ಹಾಸಿಗೆಯಲ್ಲೂ ಇದೇ ತಿರುಗುತ್ತಿತ್ತು. ಇನ್ನೊಬ್ಬರ ಮನೆಯ ವಿಷಯ ನನಗೆ ಬೇಕಿಲ್ಲ ಎಂದು ಹೇಳಿಕೊಂಡು ತಿರುಗುವವಳು ನಾನು. ಈ ಒಂದು ವಿಷಯಕ್ಕೆ ಸಿಬ್ಬಕ್ಕನ ಮನೆಯ ಹೊಗೆ ಯಾವಾಗ ಏಳುತ್ತದೆ, ದೀಪ ಯಾವಾಗ ಆರುತ್ತದೆ ಎಂದೆಲ್ಲ ನೋಡತೊಡಗಿದ್ದೆ.

ಕೊನೆಗೆ ಗುಟ್ಟು ಹೇಳಿದ್ದು ರಾಟೆ. ಒಂದು ದಿನ ಅವಳ ಮನೆಯ ಹಿಂದಿನಿಂದ ಕುರಿ ಹೊಡೆದುಕೊಂಡು ಬರುತ್ತಿದ್ದೆ. ಗಾಳಿ ಒಂದು ಕ್ಷಣ ನಿಂತಿತು. ಆ ನಿಶ್ಶಬ್ದದಲ್ಲಿ ಒಳಗಿನಿಂದ ರಾಟೆಯ ಗುಡುಗುಡು ಸದ್ದು ಕೇಳಿತು. ನಾನು ಅಲ್ಲೇ ನಿಂತೆ. ಕುರಿಗಳು ತಮ್ಮ ದಾರಿ ತಾವು ನೋಡಿಕೊಂಡವು. ಶಾಲಿಗೆ ಬೇಕಾದ ನೂಲನ್ನು ಅವಳು ಹೆಣಿಗೆ ಶುರುವಾಗುವ ಮೊದಲೇ ತೆಗೆದು, ನನ್ನ ಕಣ್ಣೆದುರೇ ತೂಗಿ ಇಬ್ಬರಿಗೂ ಸಮ ಮಾಡಿದ್ದಳು. ನನ್ನ ಪಾಲಿನದು ಇನ್ನೂ ಒಂದಿಷ್ಟು ಮಿಕ್ಕಿದೆ. ಮತ್ತೆ ಇದು ಯಾವ ನೂಲು?

ಕಿಟಕಿಗೆ ಮೂಗು ಒತ್ತಿ ನೋಡಿದೆ. ಅದೇ ಬಿಳಿ. ಅದೇ ಎಳೆ.

ಬಾಗಿಲು ತಟ್ಟಲಿಲ್ಲ. ನುಗ್ಗಿದೆ.

"ಎಲ್ಲಿ ಅದು? ತೆಗಿ ಈಚೆಗೆ!"

ಸಿಬ್ಬಕ್ಕನ ಕಾಲು ರಾಟೆಯ ತುಳಿಹಲಗೆಯ ಮೇಲೆ ಹಾಗೇ ನಿಂತಿತು. ಅವಳ ಕಣ್ಣು ಮಂಚದ ಕಡೆ ಹೋಗಿ ಬಂತು. ನಾನು ಮಂಚದ ಕೆಳಗಿನ ಬಿಸ್ಕತ್ತಿನ ಡಬ್ಬಿ ಎಳೆದು ಮುಚ್ಚಳ ತೆಗೆದೆ. ಮೀನಿನ ಶೆಡ್ಡಿನಲ್ಲಿ ಒರಟಾದ ಕೈಗೆ ಎಳೆ ಸಿಕ್ಕಿಕೊಳ್ಳುತ್ತದೆ ಎಂದು ನೆನಪಾಗಿ, ಅಷ್ಟು ಕೋಪದಲ್ಲೂ ಒಲೆಯ ಪಕ್ಕದ ಕೊಬ್ಬಿನ ಬಟ್ಟಲಿಗೆ ಬೆರಳು ಹಾಕಿ ಉಜ್ಜಿ, ಒರೆಸಿಕೊಂಡು, ಆಮೇಲೆ ಎಳೆದೆ. ಬಂತು. ಇನ್ನೂ ಎಳೆದೆ, ಇನ್ನೂ ಬಂತು. ಅರ್ಧ ದಾಟಿತು. ಮಂಚದ ಉದ್ದ ದಾಟಿತು. ಕೊನೆಗೆ ಹೆಣಿಗೆಯ ಕಡ್ಡಿಗಳು ಬಂದವು, ಅವುಗಳ ಮೇಲೆ ಇನ್ನೂ ಮುಗಿಸದ ಕುಣಿಕೆಗಳು.

"ಇದು ಶಾಲಾ, ಲಂಗರಿನ ಹಗ್ಗಾನಾ?" ಎಂದು ಕೂಗಿದೆ. "ನಡು ದಾಟಿ ಎಲ್ಲಿಗೆ ಹೋಗಿದೀಯ ನೀನು?"

"ಮೆಲ್ಲಗೆ ಕಣೇ. ಕೋಳಿ ಮೊಟ್ಟೆ ಇಡೋದು ಬಿಡ್ತಾವೆ."

"ನನ್ನ ಅರ್ಧ ಏನ್ಮಾಡ್ಲಿ? ಟೀ ಕೆಟಲಿಗೆ ಹೊದಿಸ್ಲಾ? ಮದುವೆಗೆ ಎಷ್ಟು ದಿನ ಇದೆ ಗೊತ್ತಾ? ನೂಲನ್ನ ಬೇರೆ ಕದ್ದು ತೆಗಿತಿದೀಯ, ನಾಚಿಕೆ ಆಗಲ್ವಾ ಈ ವಯಸ್ಸಿಗೆ?"

"ಆಗುತ್ತೆ," ಅಂದಳು ಸಿಬ್ಬಕ್ಕ. "ಅದಕ್ಕೇ ಮಂಚದ ಕೆಳಗೆ ಇಟ್ಟಿದ್ದು."

ಹೀಗಂದರೆ ಎದುರಿಗಿದ್ದವರು ಏನು ಬಯ್ಯುವುದು? ನಾನು ಕೂತೆ. ಅವಳು ಕಡ್ಡಿಗಳನ್ನು ನನ್ನ ಕೈಯಿಂದ ಬಿಡಿಸಿಕೊಂಡು ತೊಡೆಯ ಮೇಲಿಟ್ಟುಕೊಂಡಳು. ಕುಣಿಕೆಗಳನ್ನು ಸವರುತ್ತ ಹೇಳಿದಳು.

"ನೋಡು, ನಾನು ಏಳೆಂಟು ವರ್ಷದವಳಿದ್ದಾಗ ಕಡ್ಡಿ ಹಿಡಿದೆ. ಆವತ್ತಿಂದ ಎಷ್ಟು ಶಾಲಾಯ್ತೋ ದೇವರಿಗೇ ಗೊತ್ತು. ಪ್ರತಿ ಸಲಾನೂ ನಡು ಬಂತು ಅಂದ್ರೆ ನಿಲ್ಲಿಸೋದು. ಮೀಮಿ ಆ ಕಡೆಯಿಂದ 'ನಂದಾಯ್ತು' ಅನ್ನೋಳು, ನಾನು 'ನಂದೂ ಆಯ್ತು' ಅನ್ನೋದು. ಸೇರಿಸೋದು, ಒಗೆಯೋದು, ಕಳಿಸೋದು. ಕೈಗೆ ಆಗಷ್ಟೇ ಲಯ ಹತ್ತಿರುತ್ತೆ ಕಣೇ. ಅಲೆ ತಾನಾಗೇ ಬರೋಕೆ ಶುರುವಾಗಿರುತ್ತೆ. ಆಗ್ಲೇ ನಿಲ್ಲಿಸಬೇಕು. ಅಲ್ಲಿಂದ ಆಚೆ ಏನಾಗುತ್ತೆ ಅಂತ ಒಂದ್ಸಲಾನೂ ನೋಡಿಲ್ಲ ನಾನು."

"ಏನಾಗುತ್ತೆ? ತಲೆಕೆಳಗಾಗುತ್ತೆ. ಎಲ್ಲರಿಗೂ ಗೊತ್ತಿರೋದೇ."

"ಎಲ್ಲರೂ ಹೇಳ್ತಾರೆ. ಯಾರು ನೋಡಿದಾರೆ? ನೀನು ನೋಡಿದೀಯಾ?"

ನಾನು ನೋಡಿರಲಿಲ್ಲ. ನನ್ನ ಅಮ್ಮ ಹೇಳಿದ್ದಳು, ಅವಳಿಗೆ ಅವಳ ಅಮ್ಮ ಹೇಳಿದ್ದಳು.

"ಈಸ್ಟರ್ ಹೊತ್ತಿಗೆ ನೀನು ಬಂದು 'ನಂದಾಯ್ತು' ಅಂದೆಯಲ್ಲ," ಅಂದಳು ಸಿಬ್ಬಕ್ಕ, "ಆವತ್ತು ನಂದೂ ಆಗಿತ್ತು. ಹೇಳೋಕೆ ಬಾಯಿ ತೆಗೆದೆ. 'ಇನ್ನೊಂಚೂರು' ಅಂತ ಬಂತು."

ನನ್ನ ಕೋಪ ಇನ್ನೂ ಕುದಿಯುತ್ತಲೇ ಇತ್ತು. ಆದರೆ ಅದರ ಕೆಳಗೆ ಬೇರೆ ಏನೋ ಕೆರೆಯತೊಡಗಿತ್ತು. ಅವಳ ತೊಡೆಯ ಮೇಲಿದ್ದದ್ದನ್ನು ನೋಡಿದೆ. ನಮ್ಮ ಹೆಣಿಗೆ ಕಡ್ಡಿಯ ಮೇಲಿರುವಾಗ ಹರಕು ಬಟ್ಟೆಯ ಮುದ್ದೆಯ ಹಾಗೇ ಇರುತ್ತದೆ. ಒಗೆದು, ಮರದ ಚೌಕಟ್ಟಿಗೆ ಎಳೆದು ಕಟ್ಟಿ ಒಣಗಿಸುವವರೆಗೂ ಹೆಣೆದವಳಿಗೇ ಅದು ಏನೆಂದು ಗೊತ್ತಿರುವುದಿಲ್ಲ.

"ಸರಿ," ಅಂದೆ. "ಏನಾಯ್ತು ಮತ್ತೆ? ಆಚೆ ಏನಿದೆ?"

"ಎಳೆದು ಕಟ್ಟದೆ ಹೇಗೆ ಗೊತ್ತಾಗಬೇಕು, ಹುಡುಗಿ?"

ನಾನು ಐವತ್ತು ದಾಟಿದವಳು. ನನ್ನನ್ನು ಹುಡುಗಿ ಎನ್ನುವವಳು ಅವಳೊಬ್ಬಳೇ. "ಬಿಚ್ಚಿ ಹಾಕಿಬಿಡ್ತೀನಿ ಬಿಡು, ಮಿಕ್ಕಿದ್ದನ್ನ," ಎಂದು ಅವಳು ಕಡ್ಡಿ ಎಳೆಯಲು ಹೋದಳು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ.

"ನೋಡದೆ ಬಿಚ್ಚಿದ್ರೆ ನಾನು ನಿನ್ನ ಜೊತೆ ಸಾಯೋ ತನಕ ಮಾತಾಡಲ್ಲ."

"ಅದೊಂದು ಸುಖ," ಅಂದಳು. ಆದರೆ ಕೈ ಹಿಂದಕ್ಕೆ ತೆಗೆದುಕೊಂಡಳು.

ಚೌಕಟ್ಟು ಸಾಲಲಿಲ್ಲ. ಎರ್ಟಿ ಬಂದು ಎರಡು ಪಟ್ಟಿ ಮರ ಮೊಳೆ ಹೊಡೆದು ಉದ್ದ ಮಾಡಿಕೊಟ್ಟ. ಯಾಕೆ ಏನು ಎಂದು ಕೇಳಲಿಲ್ಲ. ಹೋಗುವಾಗ ಮಾತ್ರ, "ಹೆದರಿಕೆ ಅಲ್ಲ ಹಾಗಾದ್ರೆ," ಅಂದ. ನಾವು ಕೊನೆಯ ಕುಣಿಕೆಗಳನ್ನು ದಾರಕ್ಕೆ ಏರಿಸಿ, ಉಗುರು ಬೆಚ್ಚಗಿನ ಸಾಬೂನು ನೀರಿನಲ್ಲಿ ಮುಳುಗಿಸಿ, ಹಿಂಡದೆ ಒತ್ತಿ, ಟವೆಲಿನಲ್ಲಿ ಸುತ್ತಿ ಕುರಿಯ ಕೊಟ್ಟಿಗೆಗೆ ಒಯ್ದೆವು. ಅಂಚಿನ ಒಂದೊಂದು ಹಲ್ಲಿಗೂ ದಾರ ಪೋಣಿಸಿ ಚೌಕಟ್ಟಿಗೆ ಬಿಗಿದೆವು. ಎರಡು ಕಡೆಯೂ ಒಬ್ಬೊಬ್ಬರು. ಅವಳು ಎಳೆದರೆ ನಾನು ಸಡಿಲ ಬಿಡುವುದು, ನಾನು ಎಳೆದರೆ ಅವಳು.

"ಹರಿತೀಯ ನೋಡು!"

"ಹರಿಯಲ್ಲ. ನನ್ನ ನೂಲು ಅದು. ಎಳಿ, ಹಸುಗೂಸನ್ನ ಮುಟ್ಟೋಳ ಹಾಗೆ ಮುಟ್ಟಬೇಡ."

ಮರುದಿನ ಬೆಳಗ್ಗೆ ಶೆಡ್ಡಿಗೆ ಹೊಟ್ಟೆನೋವು ಎಂದು ಹೇಳಿ ಕಳಿಸಿದೆ. ಸಿಬ್ಬಕ್ಕ ಆಗಲೇ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಹೋಗಿರಲಿಲ್ಲ. "ನೀನು ಬರಲಿ ಅಂತ," ಅಂದಳು. ಅದು ಪೂರ್ತಿ ನಿಜವಲ್ಲ. ಅವಳ ಕೆನ್ನೆ ಕೆಂಪಾಗಿತ್ತು. ಮದುಮಗಳಿಗೂ ಅಷ್ಟು ಕಾತರ ಇರುವುದಿಲ್ಲ.

ಇಬ್ಬರೂ ಚೌಕಟ್ಟನ್ನು ಹೊರಗೆ ತಂದು ಗೋಡೆಗೆ ಅಡ್ಡಲಾಗಿ ಒರಗಿಸಿದೆವು. ಗಾಳಿ ಆವತ್ತು ನಮ್ಮ ಮೇಲೆ ಕರುಣೆ ತೋರಿಸಿತ್ತು. ಜಾಲರಿಯ ತೂತುಗಳಲ್ಲಿ ಗೋಡೆಯ ಕಪ್ಪು ಕಲ್ಲು ಕಾಣುತ್ತಿತ್ತು, ಅದರ ಮೇಲೆ ಬಿಳಿ ಅಲೆ. ನಾನು ಎಡತುದಿಯಿಂದ ನೋಡುತ್ತ ಬಂದೆ. ಅಂಚಿನ ಹಲ್ಲುಗಳು, ಅಲ್ಲಿಂದ ಮೊದಲ ಅಲೆ, ಅದರ ಹಿಂದೆ ಇನ್ನೊಂದು. ಇದು ನನ್ನ ಅರ್ಧದ ಹಾಗೇ. ನಡು ಬರಬೇಕಾದ ಕಡೆ ನನಗೆ ಗೊತ್ತಿಲ್ಲದೆ ಉಸಿರು ಹಿಡಿದೆ. ಏನೂ ಆಗಲಿಲ್ಲ. ಅಲೆ ಹೋಗುತ್ತಲೇ ಇತ್ತು. ನನ್ನ ಕಣ್ಣು ಅದರ ಜೊತೆಗೇ ಹೋಯಿತು. ಬಲತುದಿಯಲ್ಲಿ, ಅಂಚಿಲ್ಲದ ಕಡೆ, ಕೊನೆಯ ಅಲೆ ಏಳುವ ಮೊದಲೇ ದಾರಕ್ಕೆ ಸಿಕ್ಕಿ ನಿಂತಿತ್ತು.

ಸಿಬ್ಬಕ್ಕ ಹತ್ತಿರ ಹೋದಳು. ಮೂಗು ತಾಕುವಷ್ಟು ಹತ್ತಿರ. ಆಮೇಲೆ ದೂರ ಬಂದು ಕಲ್ಲಿನ ಮೇಲೆ ಕೂತಳು. ಮತ್ತೆ ಎದ್ದು ಆ ತುದಿಗೆ ಹೋಗಿ, ಅಲ್ಲಿಂದ ಕತ್ತು ಓರೆ ಮಾಡಿ ನೋಡಿದಳು.

"ತಲೆಕೆಳಗಾಗಿದೆಯಾ?" ಎಂದು ಕೇಳಿದೆ.

"ಈ ಕಡೆಯಿಂದ ನೋಡಿದ್ರೆ ಅಲೆ ನನ್ನಿಂದ ದೂರ ಹೋಗ್ತಿದೆ. ಅಷ್ಟೇ." ಅಲೆಯ ಗುಂಟ ಬೆರಳು ಆಡಿಸುತ್ತ ಅಂದಳು, "ನಡು ಎಲ್ಲಿದೆ, ನಿನಗೆ ಕಾಣುತ್ತಾ?"

"ನಿನಗೆ ಗೊತ್ತಿಲ್ವಾ? ಹೆಣೆದೋಳು ನೀನು!"

"ಹೆಣಿವಾಗ ಗೊತ್ತಿತ್ತು. ಈಗ ಹುಡುಕ್ತಿದೀನಿ. ಇಲ್ಲ." ಅವಳು ನಕ್ಕಳು. ಅವಳ ಬಾಯಿಯಲ್ಲಿ ಹಲ್ಲು ಕಡಿಮೆ, ನಕ್ಕರೆ ಚಿಕ್ಕ ಹುಡುಗಿಯಂತೆ ಕಾಣುತ್ತಾಳೆ. "ಇಷ್ಟೇನಾ! ನಾನು ಏನೇನೋ ಅಂದುಕೊಂಡಿದ್ದೆ ಕಣೇ. ಅಲ್ಲೇನೋ ಬಾಗಿಲಿದೆ, ದಾಟಿದ್ರೆ ಬೇರೆ ಊರು, ಅಂತ. ಏನೂ ಇಲ್ಲ. ಹಾಗೇ ಹೋಗುತ್ತೆ. ನಿಲ್ಲಿಸದಿದ್ರೆ ಹೋಗ್ತಾನೇ ಇರುತ್ತೆ."

"ಬೇಜಾರಾಯ್ತಾ?"

"ಇಲ್ಲ. ಹೊಟ್ಟೆ ತುಂಬಿತು." ಅವಳು ಏಪ್ರನ್ನಿನ ಜೇಬಿಗೆ ಕೈ ಹಾಕಿ ಸಣ್ಣ ಕತ್ತರಿ ತೆಗೆದು ನನ್ನ ಕಡೆ ಚಾಚಿದಳು. ಮೊದಲೇ ತಂದಿಟ್ಟುಕೊಂಡಿದ್ದಳು. "ತಗೋ. ನಿನ್ನ ಅರ್ಧಕ್ಕೆ ಎಷ್ಟು ಬೇಕೋ ಅಲ್ಲಿಗೆ ಕತ್ತರಿಸು."

ನಾನು ಕತ್ತರಿ ತೆಗೆದುಕೊಳ್ಳಲಿಲ್ಲ. ಹಿಂದಿನ ದಿನ ಹಲ್ಲಿನಲ್ಲೇ ಹರಿದುಹಾಕಲು ತಯಾರಿದ್ದವಳು ನಾನು. ಈಗ ಗೋಡೆಗೆ ಒರಗಿದ್ದ ಅದನ್ನು ನೋಡಿದರೆ ಕೈ ಮೇಲೇಳಲಿಲ್ಲ. ಅಂಥದ್ದು ನಮ್ಮ ದ್ವೀಪದಲ್ಲಿ ಇನ್ನೊಂದಿಲ್ಲ. ಯಾರಿಗೂ ಧೈರ್ಯ ಬಂದಿರಲಿಲ್ಲ, ಅಥವಾ ಯಾರಿಗೂ ಬಿಡುವಾಗಿರಲಿಲ್ಲ.

"ಇದಕ್ಕೇ ಆ ತುದಿಗೊಂದು ಅಂಚು ಹಾಕಿಬಿಡು," ಅಂದೆ. "ಇದನ್ನೇ ಮೆರನ್‌ಗೆ ಕೊಡೋಣ. ಒಂದು ಕಡೆ ಅಲೆ ಇಳಿದ್ರೆ ಇಳೀಲಿ. ಆ ಪಟ್ಟಣದೋರಿಗೆ ಏನು ಗೊತ್ತಾಗುತ್ತೆ?"

"ನಿನ್ನ ಅರ್ಧ?"

"ಇರಲಿ ಬಿಡು."

"ಏನು ಇರಲಿ?" ಸಿಬ್ಬಕ್ಕನಿಗೆ ಕೋಪ ಬಂತು. ಅವಳಿಗೆ ಕೋಪ ಬಂದದ್ದನ್ನು ನಾನು ನೋಡಿದ್ದು ಟಗರಿನ ದಿನ, ಮತ್ತೆ ಆವತ್ತು. "ಹುಡುಗಿ ಕೇಳಿದ್ದು ಏನು? ಅಮ್ಮನ ಕೈಯದ್ದು. ಸಿಬ್ಬಿ ಮುದುಕಿ ಕೈಯದ್ದಲ್ಲ. ಅವಳು ಹುಟ್ಟಿದಾಗಿಂದ ನಿಮ್ಮಿಬ್ಬರ ಕೂಗಾಟ ನಮ್ಮ ಮನೆ ತನಕ ಕೇಳ್ತಿದೆ. ಒಂದ್ಸಲ ಬಾಯಿ ಬಿಟ್ಟು ನಿನ್ನ ಹತ್ರ ಏನೋ ಕೇಳಿದಾಳೆ. ಅದನ್ನ ದಿಂಬಿನ ಚೀಲದಲ್ಲಿ ಇಟ್ಕೊಂಡು ಇವಳು ನನಗೆ ದಾನ ಮಾಡ್ತಾಳಂತೆ! ನಾನು ನೋಡಬೇಕು ಅಂದೆ, ನೋಡಾಯ್ತು. ಹಿಡಿ ಕತ್ತರಿ."

ನಾನು ಮನೆಗೆ ಓಡಿ ನನ್ನ ಅರ್ಧ ತಂದೆ.

ಚೌಕಟ್ಟಿನಿಂದ ಬಿಚ್ಚಿ, ಅವಳ ಅಡುಗೆಮನೆಯ ಮೇಜಿನ ಮೇಲೆ ಅವಳದ್ದನ್ನು ಹಾಸಿ, ಅದರ ಮೇಲೆ ನನ್ನದನ್ನು ಕೈಯಿಂದ ಎಳೆದು ಹಿಗ್ಗಿಸಿ, ಅಂಚಿಗೆ ಅಂಚು ಕೂಡಿಸಿ ಇಟ್ಟೆವು. ಬೇರೆ ದಾರಿ ಇರಲಿಲ್ಲ. ಅವಳ ನಡುವನ್ನು ನನ್ನದು ತೋರಿಸಬೇಕಿತ್ತು. ಅಲೆಯ ಮೇಲೆ ಅಲೆ ಕೂತಿತು. ನನ್ನ ಕೈ ಅವಳದಕ್ಕಿಂತ ಸ್ವಲ್ಪ ಬಿಗಿ, ಅದು ಅಲ್ಲಿ ಗೊತ್ತಾಯಿತು. ಸಿಬ್ಬಕ್ಕನೂ ನೋಡಿದಳು. "ಹಲ್ಲು ಕಚ್ಕೊಂಡು ಹೆಣಿತೀಯ," ಅಂದಳು, ಅಷ್ಟೇ.

ನನ್ನದು ನಿಂತ ಕಡೆ ಅವಳದರಲ್ಲಿ ಸಾದಾ ಸಾಲು ಹುಡುಕಿ, ಒಂದು ಕುಣಿಕೆಯನ್ನು ಸೂಜಿಯ ತುದಿಯಿಂದ ಎತ್ತಿ, ಕತ್ತರಿ ಇಟ್ಟೆ. ಕತ್ತರಿಸುವಾಗ ಸದ್ದು ಕೂಡ ಬರಲಿಲ್ಲ. ನನಗೆ ಎಲ್ಲಾ ಬಿಚ್ಚಿಹೋಗುತ್ತದೆ ಎಂದು ಭಯ. ಆದರೆ ನಮ್ಮ ಕುರಿಯ ಉಣ್ಣೆ ಒಂದನ್ನೊಂದು ಕಚ್ಚಿಕೊಂಡಿರುತ್ತದೆ. ಆ ಒಂದೇ ಎಳೆಯನ್ನು ಸಾಲಿನ ಉದ್ದಕ್ಕೂ ಕುಣಿಕೆ ಕುಣಿಕೆಯಾಗಿ ಬಿಡಿಸುತ್ತ ಹೋದೆ. ಸಿಬ್ಬಕ್ಕ ಈಚೆ ಬಿಟ್ಟ ಕುಣಿಕೆಗಳನ್ನು ಒಂದು ಕಡ್ಡಿಗೆ, ಆಚೆಯವನ್ನು ಇನ್ನೊಂದಕ್ಕೆ ಏರಿಸುತ್ತ ಬಂದಳು. ನಾನು ಮಾತಾಡದೆ ಅಷ್ಟು ಹೊತ್ತು ಕೂತದ್ದು ಇಗರ್ಜಿಯಲ್ಲೂ ಇಲ್ಲ. ಕೊನೆಯ ಕುಣಿಕೆ ಬಿಟ್ಟಾಗ ಆ ಉದ್ದದ್ದು ಎರಡಾಯಿತು.

"ನೀನೇ ಸೇರಿಸು," ಅಂದಳು. "ಮೀಮಿ ಇದ್ದಾಗ ಅವಳೇ ಸೇರಿಸೋಳು. ನನಗೆ ಅದು ಇಷ್ಟ ಇಲ್ಲ."

ಸೂಜಿಗೆ ನನ್ನ ಪಾಲಿನ ಮಿಕ್ಕ ನೂಲು ಪೋಣಿಸಿದೆ. ಅವಳದರಲ್ಲಿ ಒಂದು ಕುಣಿಕೆ, ನನ್ನದರಲ್ಲಿ ಒಂದು. ಬಿಗಿ ಬಿದ್ದರೆ ಗೆರೆ ಕಾಣುತ್ತದೆ, ಸಡಿಲಾದರೆ ತೂತು ಕಾಣುತ್ತದೆ. ನಾನು ಹಲ್ಲು ಕಚ್ಚದೆ ಇರಲು ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟುಕೊಂಡೆ. ಎರಡು ಚಳಿಗಾಲ ಇದು ನನ್ನ ಮಡಿಲಲ್ಲಿತ್ತು. ಶೆಡ್ಡಿನಲ್ಲಿ ಮೇಸ್ತ್ರಿಯ ಜೊತೆ ಜಗಳವಾಡಿ ಬಂದ ದಿನ ಇದರ ಒಂದೆರಡು ಸಾಲು ಹೆಣೆದರೆ ಎದೆ ತಣ್ಣಗಾಗುತ್ತಿತ್ತು. ಮಗಳ ಫೋನು ಬಾರದ ವಾರಗಳಲ್ಲಿ ಇದರ ಜೊತೆ ಮಾತಾಡಿದ್ದೇನೆ, ಬೈದಿದ್ದೇನೆ. ಈಸ್ಟರಿಗೆ ಮೊದಲೇ ಮುಗಿಸಿದೆ ಎಂದು ಜಂಬ ಕೊಚ್ಚಿಕೊಂಡಿದ್ದೆನಲ್ಲ, ಅದು ಮುಗಿದಿರಲಿಲ್ಲ. ಬದಿಗೆ ಇಟ್ಟಿದ್ದೆ, ಅಷ್ಟೇ. ಈಗ ಮುಗಿಯುತ್ತಿತ್ತು.

ಎದುರಿಗೆ ಸಿಬ್ಬಕ್ಕ ಕತ್ತರಿಸಿದ ತುಂಡನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ನೋಡಿದರೆ ಕಡ್ಡಿ ಆಗಲೇ ಆಡುತ್ತಿತ್ತು.

"ಏನದು?"

"ಗೊತ್ತಿಲ್ಲ. ಈ ಕಡೆಯೂ ಅಂಚಿಲ್ಲ, ಆ ಕಡೆಯೂ ಇಲ್ಲ. ನೋಡೋಣ ಎಲ್ಲಿಗೆ ಹೋಗುತ್ತೋ."

"ಯಾರಿಗೆ ಅದು?"

"ಯಾರಿಗೂ ಅಲ್ಲ. ನೀನು ನಿನ್ನ ಕೆಲಸ ನೋಡು."

ಕೊನೆಯ ಕುಣಿಕೆಗೆ ಬಂದೆ. ಅವಳದು ಒಂದು, ನನ್ನದು ಒಂದು, ನಡುವೆ ಸೂಜಿ. ದಾರ ಎಳೆದರೆ ಆಯಿತು. ನಾನು ಎಳೆಯಲಿಲ್ಲ.

ಸಿಬ್ಬಕ್ಕ ತಲೆ ಎತ್ತಿದಳು. "ಯಾಕೆ? ಸಿಕ್ಕಾಯ್ತಾ?"

"ಇಲ್ಲ."

"ಮತ್ತೆ?"

"ಏನಿಲ್ಲ." ದಾರವನ್ನು ಬೆರಳಿಗೆ ಸುತ್ತಿಕೊಂಡೆ. "ಸಿಬ್ಬಕ್ಕ, ಇದನ್ನ ಎಳೆದ ಮೇಲೆ, ಆಮೇಲೆ ಏನು?"

ಗೇಲಿ ಮಾಡುತ್ತಾಳೆ ಎಂದುಕೊಂಡೆ. ಮಾಡಲಿಲ್ಲ.

"ಆಮೇಲೆ ಟೀ," ಅಂದಳು. "ಎಳಿ."

ಎಳೆದೆ. ಕುಣಿಕೆ ಕೂತಿತು. ದಾರದ ತುದಿಯನ್ನು ಒಳಗೆ ಹೊಗಿಸಿ ಕತ್ತರಿಸಿದೆ. ಸಿಬ್ಬಕ್ಕ ಎದ್ದು ಕೆಟಲ್ ಇಟ್ಟಳು, ಕಪ್ಪು ತೊಳೆದಳು, ಬಾನಕ್ಕಿಗೆ ಬೆಣ್ಣೆ ಹಚ್ಚಿದಳು. ನಾನು ಎರಡು ಕೈಯನ್ನೂ ಶಾಲಿನ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಅದಕ್ಕೆ ಭಾರವೇ ಇಲ್ಲ, ಬೆಚ್ಚಗೆ ಮಾತ್ರ ಇರುತ್ತದೆ.

"ಟೀ ಆರುತ್ತೆ ಕಣೇ."

"ಆರಲಿ," ಅಂದೆ.